ಪರ, ವಿರೋಧ, ಇತರೆ

ವಾಷಿಂಗ್ಟನ್ ರಾಜ್ಯದಲ್ಲಿ ಸಮಿತಿಯ ವಿಚಾರಣೆಗೆ ಬಂದ ಯಾವ ಮಸೂದೆಯ ಬಗ್ಗೆ ಬೇಕಾದರೂ ಯಾರು ಬೇಕಾದರೂ ಮಾತನಾಡಬಹುದು. ವಿಚಾರಣೆ ಶುರುವಾಗಲು ಒಂದು ಗಂಟೆ ಇರುವವರೆಗೂ ಶಾಸನಸಭೆಯ ಜಾಲತಾಣದಲ್ಲಿ ಹೆಸರು ಬರೆಸಿ, ಮೂರರಲ್ಲಿ ಒಂದನ್ನು ಒತ್ತಿದರೆ ಮುಗಿಯಿತು: ಪರ, ವಿರೋಧ, ಇತರೆ. ಪೌರತ್ವ ಕೇಳುವುದಿಲ್ಲ, ವೀಸಾ ಕೇಳುವುದಿಲ್ಲ. ಮಸೂದೆ ಓದಿದ್ದೀರಾ ಎಂದಂತೂ ಕೇಳುವುದೇ ಇಲ್ಲ. ಅದನ್ನು ಕೇಳಲು ಹೊರಟರೆ ಸಮಿತಿಯ ಸದಸ್ಯರಿಗೇ ಇರುಸುಮುರುಸಾದೀತು.

ಸಿಯಾಟಲ್ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್, ಸಮಾಮಿಶ್‌ಗಳಲ್ಲಿ ಬೇರೂರಿರುವ ಕನ್ನಡಿಗನಿಗೆ ಇದು ಸಣ್ಣ ಸವಲತ್ತಲ್ಲ. ಎಚ್-1ಬಿಯಲ್ಲಿ ಬಂದು, ಗ್ರೀನ್ ಕಾರ್ಡಿನ ಸಾಲಿನಲ್ಲಿ ತಲೆಗೂದಲು ನರೆಸಿಕೊಂಡವನಿಗೆ ಇಲ್ಲಿ ಮತವಿಲ್ಲ, ಏಕೆಂದರೆ ಅವನು ಇಲ್ಲಿನ ಪ್ರಜೆಯಲ್ಲ. ಭಾರತದಲ್ಲಿ ಮತವಿದೆ, ಆದರೆ ಮತಗಟ್ಟೆಗೆ ಖುದ್ದಾಗಿ ಬಂದು ಹಾಕಬೇಕೆಂಬ ಷರತ್ತಿದೆ. ಅಂದರೆ ಒಂದು ಮತಕ್ಕೆ ಒಂದು ವಿಮಾನದ ಟಿಕೆಟ್ಟು. ಎರಡು ಮಹಾನ್ ಪ್ರಜಾಪ್ರಭುತ್ವಗಳಿಗೆ ತೆರಿಗೆ ಕಟ್ಟಿ ಎರಡರಲ್ಲೂ ಬೆರಳಿಗೆ ಶಾಯಿ ಕಾಣದ ಈ ಜೀವಕ್ಕೆ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾ ಒಂದು ನಿಮಿಷ ಕೊಡುತ್ತದೆ. ಸಮಿತಿಯ ಅಧ್ಯಕ್ಷರ ಮನಸ್ಸು ಕರಗಿದ ದಿನ ಎರಡು.

ಆ ನಿಮಿಷ ಗಳಿಸುವುದು ಹೇಗೆಂದು ನೋಡೋಣ. ವಿಚಾರಣೆಗಳು ನಡೆಯುವುದು ಬೆಳಗ್ಗೆ ಎಂಟಕ್ಕೆ, ಹತ್ತೂವರೆಗೆ, ಮಧ್ಯಾಹ್ನ ಒಂದೂವರೆಗೆ, ಸಂಜೆ ನಾಲ್ಕಕ್ಕೆ. ದುಡಿದು ತಿನ್ನುವವನು ಬೇರೆಲ್ಲೋ ಇರಲೇಬೇಕಾದ ಗಳಿಗೆಗಳನ್ನೇ ಪಂಚಾಂಗ ನೋಡಿ ಆರಿಸಿದ ಹಾಗಿದೆ. ಸಿಯಾಟಲ್‌ನಿಂದ ಒಲಿಂಪಿಯಾಕ್ಕೆ ಅರವತ್ತು ಮೈಲಿ. ಐ-5 ಹೆದ್ದಾರಿಯಲ್ಲಿ ಟಕೋಮಾ ದಾಟುವಷ್ಟರಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ನೆನಪಾಗಿ ತವರಿನ ಹಂಬಲ ತೀರುತ್ತದೆ. ಕೊರೊನಾ ಕಾಲದಿಂದ ಝೂಮ್‌ನಲ್ಲೂ ಹಾಜರಾಗಬಹುದು. ಆಫೀಸಿನ ಮೀಟಿಂಗ್ ಒಂದು ಕಿಟಕಿಯಲ್ಲಿ, ಪ್ರಜಾಪ್ರಭುತ್ವ ಇನ್ನೊಂದರಲ್ಲಿ; ಎರಡರಲ್ಲೂ ಮ್ಯೂಟ್.

ಹೆಸರು ಕರೆದಾಗ ಹೇಳಬೇಕಾದ ಮಂತ್ರ ಒಂದೇ: ‘ಅಧ್ಯಕ್ಷರೇ, ಸಮಿತಿಯ ಸದಸ್ಯರೇ, ದಾಖಲೆಗಾಗಿ ನನ್ನ ಹೆಸರು...’ ಊರು, ತಂದೆ, ಮನೆತನ ಮೂರನ್ನೂ ಹೊತ್ತ ನಮ್ಮ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಲು ನಿಮಿಷ ಹೋಯಿತು. ಮಸೂದೆ ಮಂಡಿಸಿದವರಿಗೆ ಧನ್ಯವಾದ ಹೇಳುವುದು ಇಲ್ಲಿನ ಶಿಷ್ಟಾಚಾರ, ವಿರೋಧಿಸುವವರೂ ಹೇಳಬೇಕು. ಉಳಿದ ಅರ್ಧ ನಿಮಿಷದಲ್ಲಿ ಬಾಡಿಗೆ, ಶಾಲೆ, ತೆರಿಗೆ, ಬಾಳು. ಆಮೇಲೆ ಅಧ್ಯಕ್ಷರು ‘ಬಂದದ್ದಕ್ಕೆ ಧನ್ಯವಾದ’ ಎನ್ನುತ್ತಾರೆ. ನಮ್ಮ ಕಡೆಯ ಆರತಕ್ಷತೆಯ ಸಾಲು ನೋಡಿದವರಿಗೆ ಇದು ಹೊಸದಲ್ಲ: ವೇದಿಕೆ ಹತ್ತಿ, ಕೈಕುಲುಕಿ, ಕ್ಯಾಮೆರಾ ನೋಡಿ, ಆ ಕಡೆಯಿಂದ ಇಳಿಯುವುದು. ವಧೂವರರಿಗೆ ನಿಮ್ಮ ಮುಖ ನೆನಪಿರುವುದಿಲ್ಲ, ಆದರೆ ಫೋಟೊದಲ್ಲಿ ಇರುತ್ತೀರಿ.

ನಿಮಗಿಂತ ಮೊದಲು ಮಾತನಾಡಿದವರು ಲಾಬಿಯವರು. ಅವರಿಗೆ ಹೆಸರು ಹೇಳುವ ಕಷ್ಟವಿಲ್ಲ, ಸಮಿತಿಯವರಿಗೇ ಗೊತ್ತಿರುತ್ತದೆ. ಅವರ ಅಚ್ಚುಮೆಚ್ಚಿನ ಗುಂಡಿ ‘ಇತರೆ’. ‘ಮಸೂದೆಯ ಆಶಯಕ್ಕೆ ನಮ್ಮ ಸಂಪೂರ್ಣ ಬೆಂಬಲವಿದೆ, ಒಂದೆರಡು ಕಳವಳಗಳಿವೆ ಅಷ್ಟೆ’ ಎಂದು ಅವರು ಹೇಳಿದರೆ ಅರ್ಥ ಇಷ್ಟು: ಇದನ್ನು ಹೂಳಿಬಿಡಿ, ಹೂವಿನ ಖರ್ಚು ನಮ್ಮದು. ಸಾಮಾನ್ಯ ಮನುಷ್ಯ ಮೇಜು ಕುಟ್ಟಿ ‘ವಿರೋಧ’ ಎಂದು ಮನೆಗೆ ಹೋಗುತ್ತಾನೆ. ಲಾಬಿಯವನು ‘ಇತರೆ’ ಎಂದು ಹೇಳಿ ಅಲ್ಲೇ ಕಾರಿಡಾರಿನಲ್ಲಿ ಉಳಿಯುತ್ತಾನೆ.

ಇಷ್ಟೂ ಮಾತನ್ನು ಯಾವ ಪಕ್ಷಕ್ಕೂ ಸೇರದ ಸಿಬ್ಬಂದಿ ವರದಿಯೊಂದರಲ್ಲಿ ಭಟ್ಟಿ ಇಳಿಸುತ್ತಾರೆ. ಪರದವರು ಹೀಗೆಂದರು, ವಿರೋಧದವರು ಹಾಗೆಂದರು, ಇತರರು ಎರಡನ್ನೂ ಅಂದರು. ನಿಮ್ಮ ಅಜ್ಜಿಯ ಕತೆ, ನಿಮ್ಮ ಗದ್ಗದ ಕಂಠ ಎಲ್ಲವೂ ಸೋಸಿ ಹೋಗಿ ಒಂದು ಉಪವಾಕ್ಯ ಉಳಿದರೆ ಪುಣ್ಯ. ವರದಿಯ ಕೊನೆಯಲ್ಲಿ ಇನ್ನೊಂದು ಶೀರ್ಷಿಕೆ ಇರುತ್ತದೆ: ಮಾತನಾಡಲು ಹೆಸರು ಕೊಟ್ಟು ಮಾತನಾಡದೆ ಉಳಿದವರು. ಜಗತ್ತಿನ ಬಹುಸಂಖ್ಯಾತರನ್ನು ಇಷ್ಟು ನಿಖರವಾಗಿ ಬಣ್ಣಿಸಿದ ಸರ್ಕಾರಿ ವಾಕ್ಯ ಮತ್ತೊಂದಿರಲಾರದು.

ಮತ ಹಾಕುವುದು ಇನ್ನೊಂದು ದಿನ. ಅಷ್ಟರಲ್ಲಿ ಮಸೂದೆಗೆ ‘ಬದಲಿ ಮಸೂದೆ’ ಬಂದಿರಬಹುದು. ಮೊದಲ ಸಾಲಿನ ನಂತರದ ಅಷ್ಟನ್ನೂ ಹೊಡೆದುಹಾಕಿ ಬೇರೆಯದನ್ನೇ ಇಡುವ ತಿದ್ದುಪಡಿಯೂ ಉಂಟು. ನೀವು ಮಾತನಾಡಿದ್ದು ಒಂದರ ಬಗ್ಗೆ, ಕೈ ಎತ್ತಿದ್ದು ಇನ್ನೊಂದಕ್ಕೆ. ಸಂಖ್ಯೆ ಮಾತ್ರ ಅದೇ. ಇದನ್ನೂ ಮೀರಿಸಿದ್ದು ‘ಹೆಸರು ಮಾತ್ರದ ಮಸೂದೆ’. ಅಧಿವೇಶನದ ಕೊನೆಯ ಹತ್ತು ದಿನಗಳಲ್ಲಿ, ಮೂರನೇ ಎರಡರಷ್ಟು ಬೆಂಬಲವಿಲ್ಲದೆ ಹೊಸ ಮಸೂದೆ ತರಬಾರದೆಂದು ರಾಜ್ಯದ ಸಂವಿಧಾನ ಹೇಳುತ್ತದೆ. ಸಂವಿಧಾನವನ್ನು ಗೌರವಿಸುವವರು ಏನು ಮಾಡುತ್ತಾರೆ? ಗಡುವಿಗೆ ಮೊದಲೇ ‘ಹಣಕಾಸಿಗೆ ಸಂಬಂಧಿಸಿದ ಕಾಯ್ದೆ’ ಎಂಬಂಥ ತಲೆಬರಹ ಕೊಟ್ಟು ಖಾಲಿ ಹಾಳೆ ಮಂಡಿಸುತ್ತಾರೆ. ಹೊಟ್ಟೆ ಆಮೇಲೆ ತುಂಬುತ್ತದೆ. 2019ರ ಅಧಿವೇಶನದ ಕೊನೆಯ ವಾರಾಂತ್ಯದಲ್ಲಿ ದೊಡ್ಡ ಬ್ಯಾಂಕುಗಳ ಮೇಲಿನ ಹೆಚ್ಚುವರಿ ತೆರಿಗೆ ಬಂದದ್ದು ಹೀಗೆಯೇ: ಶುಕ್ರವಾರ ಹಾಳೆಗೆ ಅಕ್ಷರ ಬಂತು, ಭಾನುವಾರ ಎರಡೂ ಸದನ ದಾಟಿತ್ತು. ಬ್ಯಾಂಕಿನ ಮೇಲೆ ಕನಿಕರ ಬೇಡ. ಆದರೆ ಖಾಲಿ ಹಾಳೆಯ ಬಗ್ಗೆ ನಾಗರಿಕ ಯಾವ ಗುಂಡಿ ಒತ್ತಬೇಕಿತ್ತು?

ಇವೆಲ್ಲ ಬದುಕಿದ ಮಸೂದೆಗಳ ಕತೆ. ಹೆಚ್ಚಿನವು ಬದುಕುವುದಿಲ್ಲ, ಮತ್ತು ಸಮಿತಿ ವ್ಯವಸ್ಥೆಯ ನಿಜವಾದ ಕೈಚಳಕ ಇರುವುದು ಸಾವಿನಲ್ಲಿ. ಅಧಿವೇಶನ ಒಂದು ವರ್ಷ 105 ದಿನ, ಮರುವರ್ಷ 60 ದಿನ. ಅದರೊಳಗೆ ಗಡುವಿನ ಮೇಲೆ ಗಡುವು: ಇಂಥ ದಿನದೊಳಗೆ ನೀತಿ ಸಮಿತಿ ದಾಟಬೇಕು, ಇಂಥ ದಿನದೊಳಗೆ ಹಣಕಾಸು ಸಮಿತಿ, ಆಮೇಲೆ ಸದನ, ಆಮೇಲೆ ಮತ್ತೊಂದು ಸದನದಲ್ಲಿ ಇಷ್ಟೂ ಮೊದಲಿನಿಂದ. ಒಂದು ಮಸೂದೆಯನ್ನು ಮುಗಿಸಲು ಅಧ್ಯಕ್ಷರು ಅದನ್ನು ವಿರೋಧಿಸಬೇಕಿಲ್ಲ, ಮತಕ್ಕೆ ಹಾಕಬೇಕಿಲ್ಲ, ಒಂದು ಕೆಟ್ಟ ಮಾತೂ ಆಡಬೇಕಿಲ್ಲ. ವಿಚಾರಣೆಯ ದಿನಾಂಕ ಕೊಡದಿದ್ದರೆ ಸಾಕು. ಸಮಿತಿ ದಾಟಿದರೂ ರೂಲ್ಸ್ ಸಮಿತಿಯಲ್ಲಿ ಯಾರಾದರೂ ಕೈಹಿಡಿದು ಎಳೆದರೆ ಮಾತ್ರ ಸದನದ ಬೆಳಕು. ಎಳೆಯದಿದ್ದರೆ ಅಲ್ಲೇ ಕತ್ತಲು. ಹೆಣವಿದೆ, ಹಂತಕನಿಲ್ಲ. ಶಾಸಕರು ಊರಿಗೆ ಹೋಗಿ ‘ಸಮಯ ಸಾಲಲಿಲ್ಲ’ ಎಂದರೆ ಮುಗಿಯಿತು. ಅದೇ ಸದನ ಗಡುವಿನ ದಿನ ಸಂಜೆ ಐದಕ್ಕೆ ಮೊದಲು ಒಂದು ಮಸೂದೆಯನ್ನು ಕೈಗೆತ್ತಿಕೊಂಡು, ಮಧ್ಯರಾತ್ರಿಯವರೆಗೂ ಅದನ್ನೇ ಎಳೆದಾಡಿ ಪಾಸು ಮಾಡಲು ನಿಯಮ ಮಾಡಿಕೊಂಡಿದೆ. ಬೇಕೆಂದಾಗ ಗಡಿಯಾರವೂ ಆಡಳಿತ ಪಕ್ಷದ ಸದಸ್ಯ.

ಸಾವಿನ ಈ ಸಾಲಿನಲ್ಲಿ ಒಂದು ಡೈನೊಸಾರ್ ಕೂಡ ನಿಂತಿತ್ತು. 2012ರಲ್ಲಿ ಇಲ್ಲಿನ ಸೂಶಿಯಾ ದ್ವೀಪದಲ್ಲಿ ತೊಡೆಮೂಳೆಯ ಒಂದು ತುಂಡು ಸಿಕ್ಕಿತು, ಸುಮಾರು ಎಂಟು ಕೋಟಿ ವರ್ಷ ಹಳೆಯದು. ಅದನ್ನು ರಾಜ್ಯದ ಅಧಿಕೃತ ಡೈನೊಸಾರ್ ಮಾಡಬೇಕೆಂದು 2019ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಕೇಳಿದರು, ಶಾಸಕಿ ಮೆಲನಿ ಮಾರ್ಗನ್ ಮಸೂದೆ ತಂದರು. ಇದಕ್ಕೆ ಹಣ ಬೇಡ, ಇಲಾಖೆ ಬೇಡ, ವಿರೋಧಿಸಲು ಡೈನೊಸಾರಿನ ವಾರಸುದಾರರೂ ಇಲ್ಲ. ಆದರೂ ಕಾನೂನಾದದ್ದು 2023ರಲ್ಲಿ. ಎಂಟು ಕೋಟಿ ವರ್ಷ ಮಣ್ಣಿನಲ್ಲಿ ಕಾದ ಮೂಳೆ ಒಲಿಂಪಿಯಾದ ಫೈಲಿನಲ್ಲಿ ಮತ್ತೆ ನಾಲ್ಕು ವರ್ಷ ಕಾಯಿತು. ಕೇಳಿದ ಮಕ್ಕಳು ಅಷ್ಟರಲ್ಲಿ ಆ ಶಾಲೆಯನ್ನೇ ದಾಟಿರಬೇಕು. ಕೊನೆಗೆ ಗೆದ್ದ ‘ಸೂಶಿಯಾಸಾರಸ್ ರೆಕ್ಸ್’ ಎಂಬುದು ವಿಜ್ಞಾನಿಗಳು ಮಾನ್ಯ ಮಾಡಿದ ಹೆಸರೂ ಅಲ್ಲ, ಮುದ್ದಿನ ಹೆಸರು. ನಮ್ಮ ಕಡೆ ಗುಂಡ, ಪುಟ್ಟಿ ಎಂಬ ಹೆಸರಿನಲ್ಲೇ ಪಹಣಿ ಮಾಡಿಕೊಟ್ಟ ಹಾಗೆ.

ಬಾಡಿಗೆ ಏರಿಕೆಗೆ ಮಿತಿ ಹಾಕುವ ಮಸೂದೆಯೂ ವರ್ಷ ವರ್ಷ ಬಂದು ವರ್ಷ ವರ್ಷ ಮಡಿಯಿತು. 2024ರಲ್ಲಿ ಕೆಳಮನೆ ದಾಟಿ, ಸೆನೆಟಿನ ಹಣಕಾಸು ಸಮಿತಿಯಲ್ಲಿ ಉಸಿರು ಬಿಟ್ಟಿತು. 2025ರಲ್ಲಿ ಎರಡೂ ಸದನಗಳ ಹಗ್ಗಜಗ್ಗಾಟ ಮುಗಿದು, ವರ್ಷಕ್ಕೆ ಬೆಲೆಯೇರಿಕೆಯ ಮೇಲೆ ಶೇ 7 ಅಥವಾ ಒಟ್ಟು ಶೇ 10, ಯಾವುದು ಕಡಿಮೆಯೋ ಅದು ಎಂಬ ಲೆಕ್ಕಕ್ಕೆ ಗವರ್ನರ್ ಬಾಬ್ ಫರ್ಗುಸನ್ ಮೇ ತಿಂಗಳಲ್ಲಿ ಸಹಿ ಹಾಕಿದರು. ನಮ್ಮವರ ಪಾಲಿಗೆ ಇದು ಮನೆಯೊಳಗಿನ ಜಗಳ. ಯುಗಾದಿ ಊಟದ ಪಂಕ್ತಿಯಲ್ಲಿ ಈ ಬದಿ ಕೂತವನು ಹೊಸದಾಗಿ ಬಂದ ಬಾಡಿಗೆದಾರ, ಆ ಬದಿ ಕೂತವನು ಎರಡನೇ ಮನೆ ಕೊಂಡು ಬಾಡಿಗೆಗೆ ಬಿಟ್ಟ ಹಿರಿಯ. ಇಬ್ಬರೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ‘ಈ ರಾಜಕೀಯವೆಲ್ಲ ನಮಗ್ಯಾಕೆ ಸಾರ್’ ಎನ್ನುತ್ತಾರೆ, ಮನೆಗೆ ಹೋಗಿ ಒಬ್ಬ ಪರ, ಒಬ್ಬ ವಿರೋಧ ಒತ್ತುತ್ತಾನೆ. ಸಂಸ್ಕೃತಿ ಒಂದೇ, ಕಂತು ಬೇರೆ.

ನಮ್ಮವರಿಗೆ ಮಾತು ಬರುವುದಿಲ್ಲವೆಂದೂ ತಿಳಿಯಬೇಡಿ. 2023ರ ಫೆಬ್ರುವರಿ 21ರಂದು ಜಾತಿ ತಾರತಮ್ಯ ನಿಷೇಧಿಸುವ ಪ್ರಸ್ತಾವ ಸಿಯಾಟಲ್ ನಗರ ಪರಿಷತ್ತಿಗೆ ಬಂದಾಗ ಮಾತನಾಡಲು ಹೆಸರು ಕೊಟ್ಟವರು ನೂರಕ್ಕೂ ಹೆಚ್ಚು. ಪರಿಷತ್ತಿನ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಆ ಪ್ರಸ್ತಾವ 6–1ರಲ್ಲಿ ಗೆದ್ದು, ಅಮೆರಿಕದ ನಗರಗಳಲ್ಲಿ ಅದೇ ಮೊದಲನೆಯದಾಯಿತು. ಇಲ್ಲಿ ಜಾತಿಯೇ ಇಲ್ಲವೆಂದು ವಾದಿಸಲು ಬಂದವರ ಹುರುಪನ್ನು ಕಂಡವರಿಗೆ ಜಾತಿ ಎಷ್ಟು ಗಟ್ಟಿಯಾಗಿ ಇಲ್ಲ ಎಂಬುದು ಮನದಟ್ಟಾಯಿತು.

ಈಗ ಶಾಸಕರು ತಮ್ಮ ಬಗ್ಗೆಯೇ ಮಸೂದೆ ತಂದಾಗ ಏನಾಗುತ್ತದೆ ನೋಡಿ. ವಾಷಿಂಗ್ಟನ್ನಿನ ಸಾರ್ವಜನಿಕ ದಾಖಲೆ ಕಾಯ್ದೆಯನ್ನು 1972ರಲ್ಲಿ ಜನರೇ ನೇರ ಮತದಾನದಲ್ಲಿ ತಂದುಕೊಂಡಿದ್ದರು. ಅದು ತಮಗೂ ಅನ್ವಯಿಸುತ್ತದೆಂದು ಶಾಸಕರು ಒಪ್ಪಿರಲಿಲ್ಲ. ಪತ್ರಿಕಾ ಸಂಸ್ಥೆಗಳು ಕೋರ್ಟಿಗೆ ಹೋದವು. 2018ರ ಜನವರಿಯಲ್ಲಿ ನ್ಯಾಯಾಧೀಶರೊಬ್ಬರು, ಹೌದು, ನಿಮ್ಮ ಇಮೇಲು, ದಿನಚರಿ ಎಲ್ಲ ಜನರ ಮುಂದಿಡಬೇಕು ಎಂದರು. ಡೈನೊಸಾರಿಗೆ ಸಿಗದ ಸಮಯ ಆಗ ಸಿಕ್ಕಿತು. ಫೆಬ್ರುವರಿ 21ಕ್ಕೆ ಮಸೂದೆ ಮಂಡನೆ, 23ಕ್ಕೆ ಎರಡೂ ಸದನಗಳಲ್ಲಿ ಅಂಗೀಕಾರ: ಸೆನೆಟ್ 41–7, ಕೆಳಮನೆ 83–14. ಎರಡೂ ಪಕ್ಷಗಳು ಇಷ್ಟು ಪ್ರೀತಿಯಿಂದ ಕೈಜೋಡಿಸಿದ್ದು ಅಪರೂಪ. ವಿಧಿವತ್ತಾದ ಸಾರ್ವಜನಿಕ ವಿಚಾರಣೆ ಇಲ್ಲ, ಸದನದಲ್ಲಿ ಚರ್ಚೆಯೆಂಬುದು ಇಲ್ಲ. ಜೊತೆಗೆ ‘ತುರ್ತು’ ಕಲಮು, ಅಂದರೆ ರಾಜ್ಯದ ಶಾಂತಿ, ಆರೋಗ್ಯ, ಸುರಕ್ಷತೆಗಾಗಿ ತಕ್ಷಣ ಜಾರಿ. ಜನಮತಗಣನೆಗೂ ಹೋಗುವ ಹಾಗಿಲ್ಲ. ಶಾಸಕರ ಇಮೇಲ್ ಓದಿದರೆ ರಾಜ್ಯದ ಆರೋಗ್ಯ ಕೆಡುತ್ತದೆಂಬುದು ವೈದ್ಯವಿಜ್ಞಾನಕ್ಕೆ ಒಲಿಂಪಿಯಾದ ಕೊಡುಗೆ.

ಆಮೇಲೆ ನಡೆದದ್ದನ್ನು ನಗದೆ ಹೇಳಬೇಕು. ಪತ್ರಿಕೆಗಳು ಒಟ್ಟಾಗಿ ಮುಖಪುಟದಲ್ಲೇ ಸಂಪಾದಕೀಯ ಬರೆದವು. ಗವರ್ನರ್ ಕಚೇರಿಗೆ ಸಾವಿರಾರು ಕರೆ, ಪತ್ರ, ಇಮೇಲು ಬಂದವು. ಮತ ಹಾಕಿದ ಶಾಸಕರೇ ‘ದಯವಿಟ್ಟು ಇದನ್ನು ತಿರಸ್ಕರಿಸಿ’ ಎಂದು ಬರೆದುಕೊಟ್ಟರು. ಮಾರ್ಚ್ 1ರ ರಾತ್ರಿ ಆಗಿನ ಗವರ್ನರ್ ಜೇ ಇನ್‌ಸ್ಲೀ ವೀಟೊ ಹಾಕಿದರು. 2019ರ ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಶಾಸಕರು ಕಾಯ್ದೆಯ ಅಡಿಯಲ್ಲೇ ಬರುತ್ತಾರೆಂದಿತು. ಬಳಿಕ ‘ಶಾಸಕರ ವಿಶೇಷಾಧಿಕಾರ’ ಎಂಬ ಹೊಸ ಮುಸುಕು ಹೊದ್ದು ದಾಖಲೆ ಬಚ್ಚಿಟ್ಟದ್ದು ಬೇರೆ ಮಾತು, ಕಲೆಗೆ ಕೊನೆಯುಂಟೆ?

ಇಷ್ಟನ್ನು ಓದಿ ‘ನಮ್ಮೂರೇ ಮೇಲು’ ಎನ್ನುವ ದೇಶಾಭಿಮಾನಿಗಳಿಗೆ ನನ್ನ ಸಮ್ಮತಿಯಿದೆ. ವಿಧಾನಸೌಧದಲ್ಲಿ ಮಸೂದೆಗಳು ಸಾಯುವುದಿಲ್ಲ. ಸಮಿತಿಗೆ ಹೋದರೆ ತಾನೆ ಸಾಯಲು! 2022ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರವಿದ್ದಾಗ ಕಾಂಗ್ರೆಸ್ಸಿನವರು ಸದನದ ಬಾವಿಗಿಳಿದು ಕೂಗುತ್ತಿದ್ದರು, ಆ ಗದ್ದಲದಲ್ಲೇ ಶಾಸಕರ, ಸಚಿವರ ಸಂಬಳ ಏರಿತು. 2025ರ ಮಾರ್ಚ್ 21ರಂದು ಕಾಂಗ್ರೆಸ್ ಸರ್ಕಾರವಿದ್ದಾಗ ಬಿಜೆಪಿಯವರು ಬಾವಿಗಿಳಿದು ಕಾಗದ ಹರಿದು ತೂರಿದರು, ಆ ಗದ್ದಲದಲ್ಲೂ ಸಂಬಳ ಏರಿತು. ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷ, ಶಾಸಕರದು 40 ಸಾವಿರದಿಂದ 80 ಸಾವಿರ. ಅಂದು ಬಿಜೆಪಿಯ 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಏರಿದ ಸಂಬಳದ ಬಗ್ಗೆ ಮಾತ್ರ ಸದನದಲ್ಲಿ ದೊಡ್ಡ ತಕರಾರೇನೂ ಕೇಳಿಬರಲಿಲ್ಲ. ಬಾವಿಯಲ್ಲಿ ಯಾರಿದ್ದಾರೆ, ದಡದಲ್ಲಿ ಯಾರಿದ್ದಾರೆ ಎಂಬುದು ಬದಲಾಗುತ್ತದೆ. ನೀರು ಸೇದುವ ಹಗ್ಗ ಇಬ್ಬರದೂ ಒಂದೇ.

ನಮ್ಮಲ್ಲಿ ಸಮಿತಿಗಳೇ ಇಲ್ಲವೆನ್ನಲಾಗದು. ಇವೆ, ಆದರೆ ಕಾನೂನಿಗೆ ಮೊದಲಲ್ಲ, ಹಗರಣದ ನಂತರ. ಬೆಂಗಳೂರಿನ ಸರ್ಕಾರಿ ಭೂಮಿಯ ಒತ್ತುವರಿ ಬಗೆದ ಎ.ಟಿ. ರಾಮಸ್ವಾಮಿ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ನೈಸ್ ರಸ್ತೆಯ ಬಗ್ಗೆ ಟಿ.ಬಿ. ಜಯಚಂದ್ರ ಸಮಿತಿ 2016ರಲ್ಲಿ ಕೊಟ್ಟಿತು. ಕೆರೆಗಳ ಒತ್ತುವರಿ ಬಗ್ಗೆ ಕೆ.ಬಿ. ಕೋಳಿವಾಡ ಸಮಿತಿ 2017ರಲ್ಲಿ ಕೊಟ್ಟಿತು. ವರದಿಗಳು ದಪ್ಪಗಿವೆ, ಗಟ್ಟಿಯಾಗಿವೆ, ಒಂದರ ಮೇಲೊಂದು ಜೋಡಿಸಿದರೆ ಒಂದು ಸಣ್ಣ ಕೆರೆಗೆ ಏರಿ ಕಟ್ಟಬಹುದು. ದೆಹಲಿಯಲ್ಲಿ ಮಸೂದೆಗಳನ್ನೂ ನೋಡುವ 24 ಸ್ಥಾಯಿ ಸಮಿತಿಗಳಿವೆ. ಶಾಸನಸಭೆಗಳ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ 16. ಕೃಷಿ ಕಾಯ್ದೆಗಳನ್ನು 2020ರಲ್ಲಿ ಸಮಿತಿಗೆ ತೋರಿಸದೆ, ರಾಜ್ಯಸಭೆಯಲ್ಲಿ ಧ್ವನಿಮತದಿಂದ ದಾಟಿಸಿ ಸಮಯ ಉಳಿಸಿದರು. ವಿಚಾರಣೆ ಆಮೇಲೆ ದೆಹಲಿಯ ಗಡಿಯ ಹೆದ್ದಾರಿಗಳ ಮೇಲೆ ಒಂದು ವರ್ಷ ನಡೆಯಿತು, ಟ್ರ್ಯಾಕ್ಟರುಗಳ ಸಮೇತ. 2021ರಲ್ಲಿ ಕಾಯ್ದೆಗಳು ವಾಪಸಾದವು.

ಅಪವಾದವೂ ಇದೆ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರ ಜುಲೈನಲ್ಲಿ ಶಾಸಕ ರಿಜ್ವಾನ್ ಅರ್ಷದ್ ನೇತೃತ್ವದ ಜಂಟಿ ಸಮಿತಿಗೆ ಒಪ್ಪಿಸಿದರು. ಸಮಿತಿ ನಾಗರಿಕರ ಮಾತು ಕೇಳಿತು, 2025ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು, ಮಾರ್ಚ್‌ನಲ್ಲಿ ಮಸೂದೆ ಪಾಸಾಯಿತು. ಕೇಳಿದ್ದನ್ನೆಲ್ಲ ಒಪ್ಪಿದರೆಂದಲ್ಲ. ಆದರೆ ಏಳೆಂಟು ತಿಂಗಳು ಜನರ ಮಾತಿಗೆ ಕಿವಿಕೊಟ್ಟಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಒಲಿಂಪಿಯಾದಲ್ಲಿ ಮಸೂದೆ ಕೊಂದವರಿಲ್ಲದೆ ಸಾಯುತ್ತದೆ, ಬೆಂಗಳೂರಿನಲ್ಲಿ ಓದಿದವರಿಲ್ಲದೆ ಹುಟ್ಟುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಆ ಜುಜುಬಿ ಒಂದು ನಿಮಿಷವನ್ನೇ ಆರಿಸುತ್ತೇನೆ. ಆ ನಿಮಿಷದಲ್ಲಿ ಯಾರ ಮನಸ್ಸೂ ಬದಲಾಗದಿರಬಹುದು. ಆದರೆ ಇಲ್ಲಿನ ಶಾಸನಸಭೆಯ ಕಲಾಪ ಬಿತ್ತರಿಸುವ ಟಿವಿಡಬ್ಲ್ಯು ವಾಹಿನಿಯ ಸಂಗ್ರಹದಲ್ಲಿ ಮಾತು ಉಳಿಯುತ್ತದೆ, ಯಾವ ಶಾಸಕ ಯಾವ ಕಡೆ ಮತ ಹಾಕಿದನೆಂಬುದು ಹೆಸರಿನ ಸಮೇತ ಉಳಿಯುತ್ತದೆ. 2018ರಲ್ಲಿ ಜನ ಫೋನು ಎತ್ತಿಕೊಂಡಾಗ ಯಾರಿಗೆ ಮಾಡಬೇಕೆಂದು ಗೊತ್ತಿತ್ತು: ಆ 41, ಆ 83. ನಮ್ಮ ಧ್ವನಿಮತದಲ್ಲಿ ಧ್ವನಿಯಿದೆ, ಹೆಸರಿಲ್ಲ. ‘ಹೌದು’ ಎಂದವನು ಯಾರೆಂದು ಪಕ್ಕದ ಆಸನದವನೂ ಆಣೆ ಮಾಡಿ ಹೇಳಲಾರ. ಬೈಯಬೇಕೆಂದರೂ ವಿಳಾಸವಿಲ್ಲದ ಪ್ರಜಾಪ್ರಭುತ್ವವದು.

ಆದ್ದರಿಂದ ಸಿಯಾಟಲ್ಲಿನ ಕನ್ನಡ ಬಂಧುಗಳಿಗೆ ಒಂದು ಮಾತು. ಇಲ್ಲಿ ಅಧಿವೇಶನ ಪ್ರತಿ ಜನವರಿಯ ಎರಡನೇ ಸೋಮವಾರ ಶುರುವಾಗುತ್ತದೆ. ನಿಮ್ಮ ನಿಮಿಷವನ್ನು ಬಿಡಬೇಡಿ. ಊರಿಗೆ ಹೋದಾಗ ನಿಮ್ಮ ಕ್ಷೇತ್ರದ ಶಾಸಕರು ಯಾವುದಾದರೂ ಮದುವೆಮನೆಯಲ್ಲಿ ಸಿಕ್ಕೇ ಸಿಗುತ್ತಾರೆ. ಸೆಲ್ಫಿ ತೆಗೆದುಕೊಳ್ಳಿ, ತಪ್ಪಿಲ್ಲ. ಮಸೂದೆಯ ಪ್ರತಿ ಮುಂಚಿತವಾಗಿ ಪ್ರಕಟಿಸಿ, ಸಮಿತಿಗೆ ಕಳಿಸಿ, ಹೆಸರು ಕರೆದು ಮತ ಹಾಕಿಸಿ ಎಂದು ಕೇಳಿ. ಆಮೇಲೆ ಇನ್ನೊಂದೇ ಪ್ರಶ್ನೆ: ಹೋದ ಅಧಿವೇಶನದಲ್ಲಿ ನೀವು ಪೂರ್ತಿ ಓದಿ ಒಪ್ಪಿಗೆ ಕೊಟ್ಟ ಒಂದು ಮಸೂದೆಯ ಹೆಸರು ಹೇಳಿ ಸ್ವಾಮಿ, ಸಂಬಳದ್ದೊಂದನ್ನು ಬಿಟ್ಟು.